52ನೇ ಹೆಸರು: ಬಲ್ಲೋ ಕೆ ಹಳ್ಳಿಯ ಸತ್ನಾಮ್ ಸಿಂಗ್

2015ರ ಜೂನ್ 25. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿರುವ ಬಾರ್ಕ್ಲೇಸ್ ಸೆಂಟರ್ ಕ್ರೀಡಾಂಗಣದಲ್ಲಿ ಎನ್‌ಬಿಎ ಡ್ರಾಫ್ಟ್ ನಡೆಯುತ್ತಿತ್ತು. ಜಗತ್ತಿನ ಅತಿ ದೊಡ್ಡ ಬಾಸ್ಕೆಟ್‌ಬಾಲ್ ಲೀಗ್‌ನ ತಂಡಗಳು ಪ್ರತಿ ವರ್ಷ ಹೊಸ ಆಟಗಾರರನ್ನು ಸರದಿಯ ಪ್ರಕಾರ ಆರಿಸಿಕೊಳ್ಳುವ ದಿನ ಅದು. ಒಟ್ಟು 60 ಹೆಸರುಗಳು. ಮೊದಲ ಹತ್ತು ಹದಿನೈದು ಹೆಸರುಗಳಿಗೆ ಚಪ್ಪಾಳೆ, ಕ್ಯಾಮೆರಾ ಎಲ್ಲ ಇರುತ್ತವೆ. ರಾತ್ರಿ ಹೊತ್ತೇರಿದಂತೆ ಜನ ಎದ್ದು ಹೊರಡಲು ಶುರು ಮಾಡುತ್ತಾರೆ. 52ನೇ ಸರದಿ ಡಲ್ಲಾಸ್ ಮ್ಯಾವರಿಕ್ಸ್ ತಂಡದ್ದು. ಅವರು ಆರಿಸಿದ ಹೆಸರು ಸತ್ನಾಮ್ ಸಿಂಗ್ ಭಮಾರಾ. ವಯಸ್ಸು 19, ಎತ್ತರ 7 ಅಡಿ 2 ಅಂಗುಲ, ಊರು ಪಂಜಾಬಿನ ಬಲ್ಲೋ ಕೆ.

ಭಾರತದಲ್ಲಿ ಹುಟ್ಟಿದ ಒಬ್ಬ ಆಟಗಾರ ಎನ್‌ಬಿಎ ಡ್ರಾಫ್ಟ್‌ನಲ್ಲಿ ಆಯ್ಕೆಯಾದದ್ದು ಅದೇ ಮೊದಲು. ಮರುದಿನ ನಮ್ಮ ಪತ್ರಿಕೆಗಳೆಲ್ಲ ಅದನ್ನು ಪವಾಡದಂತೆ ಬರೆದವು. ಗೋಧಿ ಹೊಲದಿಂದ ಅಮೆರಿಕಕ್ಕೆ ಹಾರಿದ ಹುಡುಗ ಎಂಬ ಧಾಟಿ. ಹಳ್ಳಿಯ ಮಕ್ಕಳ ಗೆಲುವನ್ನು ಬರೆಯುವಾಗ ನಮ್ಮ ಮಾಧ್ಯಮಗಳಿಗೆ ಪವಾಡದ ಭಾಷೆ ಬಹಳ ಇಷ್ಟ. ಆದರೆ ಪವಾಡ ಎಂದುಬಿಟ್ಟರೆ ಅದರ ಹಿಂದಿನ ಕಾರಣಗಳನ್ನು ಹುಡುಕುವ ಕೆಲಸ ತಪ್ಪುತ್ತದೆ. ಸತ್ನಾಮ್ ಬೆಳೆದದ್ದು ಹೇಗೆ, ಯಾರು ಕೈಹಿಡಿದರು, ಎಲ್ಲಿ ಕೈಬಿಟ್ಟರು ಎಂಬುದನ್ನು ಒಂದೊಂದಾಗಿ ನೋಡಿದರೆ ಪವಾಡಕ್ಕಿಂತ ಹೆಚ್ಚು ಉಪಯೋಗವಾಗುವ ಕಥೆಯೊಂದು ಸಿಗುತ್ತದೆ.

ಹೊಲ, ಗಿರಣಿ ಮತ್ತು ಅಪ್ಪನ ಆಸೆ

ಸತ್ನಾಮ್ ಹುಟ್ಟಿದ್ದು 1995ರ ಡಿಸೆಂಬರ್ 10ರಂದು. ಬಲ್ಲೋ ಕೆ ಇರುವುದು ಈಗಿನ ಬರ್ನಾಲಾ ಜಿಲ್ಲೆಯಲ್ಲಿ. ಆಗ ಬರ್ನಾಲಾ ಪ್ರತ್ಯೇಕ ಜಿಲ್ಲೆಯಾಗಿರಲಿಲ್ಲ, ಸಂಗ್ರೂರು ಜಿಲ್ಲೆಗೆ ಸೇರಿತ್ತು. 2006ರಲ್ಲಿ ಬೇರೆಯಾಯಿತು. ಸಟ್ಲೆಜ್ ನದಿಯ ದಕ್ಷಿಣಕ್ಕಿರುವ ಈ ಸೀಮೆಯನ್ನು ಮಾಲ್ವಾ ಎನ್ನುತ್ತಾರೆ. ಗೋಧಿ, ಭತ್ತ, ಹತ್ತಿ ಬೆಳೆಯುವ ಬಯಲು. ಬಲ್ಲೋ ಕೆ ಎಂಬುದು ಕೆಲವೇ ನೂರು ಜನರ ಸಣ್ಣ ಊರು.

ತಂದೆ ಬಲಬೀರ್ ಸಿಂಗ್ ರೈತರು. ಜೊತೆಗೆ ಹಿಟ್ಟಿನ ಗಿರಣಿಯನ್ನೂ ನಡೆಸುತ್ತಿದ್ದರು. ಅವರೂ ಏಳು ಅಡಿಗೆ ಮೀರಿದ ಎತ್ತರದ ಆಳು. ಹರೆಯದಲ್ಲಿ ಬಾಸ್ಕೆಟ್‌ಬಾಲ್ ಆಡು ಎಂದು ಅವರಿಗೆ ಹೇಳಿದವರಿದ್ದರು, ಅವರಿಗೂ ಆಸೆಯಿತ್ತು. ಆದರೆ ಮನೆಯಲ್ಲಿ ಒಪ್ಪಲಿಲ್ಲ. ಹೊಲ ನೋಡಿಕೊಳ್ಳುವವರು ಬೇಕಿತ್ತು. ಮಗನ ಕಥೆ ನಿಜವಾಗಿ ಶುರುವಾಗುವುದು ಇಲ್ಲಿಂದ, ಅಪ್ಪನಿಗೆ ಸಿಗದೆ ಹೋದ ಅವಕಾಶದಿಂದ.

ಇದನ್ನು ಅರ್ಥಮಾಡಿಕೊಳ್ಳುವುದು ನಮ್ಮ ಓದುಗರಿಗೆ ಕಷ್ಟವಲ್ಲ. ಒಕ್ಕಲುತನದ ಮನೆಯಲ್ಲಿ ಗಟ್ಟಿಮುಟ್ಟಾದ ಹುಡುಗ ಎಂದರೆ ಮೊದಲು ಕಾಣುವುದು ದುಡಿಯುವ ಎರಡು ಕೈ. ಆಟ ಎಂಬುದು ಶಾಲೆಯ ಗಂಟೆ ಹೊಡೆಯುವವರೆಗಿನ ಮಾತು. ಬಲಬೀರ್ ಅವರ ತಂದೆಯ ತೀರ್ಮಾನವನ್ನು ಕ್ರೂರ ಎನ್ನಲಾಗದು. ಆ ಕಾಲದಲ್ಲಿ ಬಾಸ್ಕೆಟ್‌ಬಾಲ್ ಆಡಿ ಬದುಕು ಕಟ್ಟಿಕೊಂಡವರನ್ನು ಆ ಊರು ನೋಡಿಯೇ ಇರಲಿಲ್ಲ. ಬಲಬೀರ್ ಮಾತ್ರ ತಮ್ಮ ಮಗನ ವಿಷಯದಲ್ಲಿ ಬೇರೆ ತೀರ್ಮಾನ ಮಾಡಿದರು. ಒಂಬತ್ತು ವರ್ಷಕ್ಕೇ ಹುಡುಗ ಬೆಳೆದ ಗಂಡಸಿನಷ್ಟು ಎತ್ತರವಾಗಿದ್ದ. ಅವನನ್ನು ಹೊಲಕ್ಕೆ ಕಳಿಸದೆ ಆಟಕ್ಕೆ ಕಳಿಸಿದರು.

ಕಳಿಸುವುದು ಎಲ್ಲಿಗೆ? ಕಬಡ್ಡಿಗೆ ಒಂದಿಷ್ಟು ಮಣ್ಣು ಸಾಕು. ವಾಲಿಬಾಲ್‌ಗೆ ಎರಡು ಕಂಬ, ಒಂದು ಬಲೆ. ಅದಕ್ಕೇ ಅವು ನಮ್ಮ ಹಳ್ಳಿಗಳಲ್ಲೂ ಬೇರುಬಿಟ್ಟಿವೆ. ಬಾಸ್ಕೆಟ್‌ಬಾಲ್ ಹಾಗಲ್ಲ. ಚೆಂಡು ಪುಟಿಯಬೇಕಾದರೆ ಗಟ್ಟಿ ನೆಲ ಬೇಕು. 28 ಮೀಟರ್ ಉದ್ದ, 15 ಮೀಟರ್ ಅಗಲದ ಸಿಮೆಂಟ್ ಅಥವಾ ಮರದ ಅಂಗಳ, ಎರಡು ಬದಿಗೂ 10 ಅಡಿ ಎತ್ತರದಲ್ಲಿ ಬಳೆ ಹೊತ್ತ ಹಲಗೆ. ಖರ್ಚಿನ ಬಾಬತ್ತು. 1891ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜೇಮ್ಸ್ ನೈಸ್ಮಿತ್ ಈ ಆಟವನ್ನು ರೂಪಿಸಿದ್ದೇ ಚಳಿಗಾಲದಲ್ಲಿ ಒಳಾಂಗಣದಲ್ಲಿ ಆಡಲೆಂದು. ಭಾರತಕ್ಕೆ ಅದನ್ನು ತಂದದ್ದು ವೈಎಂಸಿಎ ಸಂಸ್ಥೆ. ಹಾಗಾಗಿ ಮೊದಲಿನಿಂದಲೂ ಇದು ನಗರ, ಕಾಲೇಜು, ಸೇನೆ, ರೈಲ್ವೆಗಳ ಆಟವಾಗಿ ಬೆಳೆಯಿತು. ಹಳ್ಳಿಯ ಹುಡುಗ ಬಾಸ್ಕೆಟ್‌ಬಾಲ್ ಆಡಬೇಕೆಂದರೆ ಊರು ಬಿಡಲೇಬೇಕು.

ಲೂಧಿಯಾನದ ಹಾಸ್ಟೆಲ್

ಸತ್ನಾಮ್ ಊರು ಬಿಟ್ಟು ಸೇರಿದ್ದು ಲೂಧಿಯಾನ ಬಾಸ್ಕೆಟ್‌ಬಾಲ್ ಅಕಾಡೆಮಿಗೆ. ಸೈಕಲ್ ಮತ್ತು ಉಣ್ಣೆ ಬಟ್ಟೆಯ ಕಾರ್ಖಾನೆಗಳ ನಗರ ಅದು. ಅಲ್ಲಿನ ಗುರುನಾನಕ್ ಸ್ಟೇಡಿಯಂನಲ್ಲಿ ಪಂಜಾಬ್ ಬಾಸ್ಕೆಟ್‌ಬಾಲ್ ಸಂಸ್ಥೆ ಈ ಅಕಾಡೆಮಿಯನ್ನು ನಡೆಸುತ್ತಿತ್ತು. ಸಂಸ್ಥೆಯ ಕಾರ್ಯದರ್ಶಿ ತೇಜಾ ಸಿಂಗ್ ಧಾಲಿವಾಲ್, ತರಬೇತುದಾರ ಡಾ. ಎಸ್. ಸುಬ್ರಮಣಿಯನ್. ಸತ್ನಾಮ್ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಫ್ಲಾರಿಡಾಕ್ಕೆ ಬೇಗ ಹಾರಿಬಿಡುತ್ತಾರೆ. ಆದರೆ ಅಡಿಪಾಯ ಬಿದ್ದದ್ದು ಇಲ್ಲಿ.

ಈ ಅಕಾಡೆಮಿ ಮಾಡಿದ ಕೆಲಸ ಸರಳವಾದದ್ದು. ಪಂಜಾಬಿನ ಹಳ್ಳಿ, ಸಣ್ಣ ಪಟ್ಟಣಗಳಲ್ಲಿ ಎತ್ತರವಾಗಿ ಬೆಳೆಯುತ್ತಿರುವ ಮಕ್ಕಳನ್ನು ಹುಡುಕಿ ತಂದು, ಉಳಿಯಲು ಜಾಗ, ಊಟ, ಶಾಲೆ ಮತ್ತು ದಿನವೂ ಎರಡು ಹೊತ್ತು ಅಭ್ಯಾಸ ಕೊಡುವುದು. ರೈತನ ಮನೆಯ ಹುಡುಗನಿಗೆ ಬೇಕಾದದ್ದು ಇಷ್ಟೇ. ಹಾಸ್ಟೆಲ್ ಇಲ್ಲದ ಕ್ರೀಡಾಂಗಣ ನಗರದ ಮಕ್ಕಳಿಗೆ ಮಾತ್ರ ಉಪಯೋಗಕ್ಕೆ ಬರುತ್ತದೆ. ಮುಂದೆ ಭಾರತ ತಂಡದ ಬೆನ್ನೆಲುಬಾದ ಅಮ್ಜ್ಯೋತ್ ಸಿಂಗ್, ಅಮೃತಪಾಲ್ ಸಿಂಗ್, ಪಾಲ್‌ಪ್ರೀತ್ ಸಿಂಗ್ ಬ್ರಾರ್ ಅವರಂಥ ಪಂಜಾಬಿನ ಎತ್ತರದ ಆಟಗಾರರ ಸಾಲನ್ನು ನೋಡಿದರೆ, ಸತ್ನಾಮ್ ಒಬ್ಬನೇ ಆಕಾಶದಿಂದ ಬಿದ್ದವನಲ್ಲ ಎಂಬುದು ತಿಳಿಯುತ್ತದೆ. ಅವನು ಒಂದು ಪೀಳಿಗೆಯ ಭಾಗ.

ಸುಬ್ರಮಣಿಯನ್ ಅವರ ಕೈಗೆ ಸಿಕ್ಕಾಗ ಸತ್ನಾಮ್‌ಗೆ ಆಟದ ಗಂಧ ಹೆಚ್ಚೇನೂ ಇರಲಿಲ್ಲ. ಬೇಗ ಎತ್ತರ ಬೆಳೆಯುವ ಮಕ್ಕಳದ್ದು ಒಂದು ಕಷ್ಟವಿದೆ. ಮೂಳೆ ಬೆಳೆದಷ್ಟು ವೇಗದಲ್ಲಿ ಸ್ನಾಯು ಬಲಿಯುವುದಿಲ್ಲ, ಕಾಲು ತೊಡರುತ್ತದೆ, ಓಟ ನಿಧಾನವಾಗುತ್ತದೆ. ಎತ್ತರವೊಂದೇ ಸಾಕೆಂದು ಸುಮ್ಮನೆ ಬಳೆಯ ಕೆಳಗೆ ನಿಲ್ಲಿಸಿದರೆ ಶಾಲಾ ಪಂದ್ಯ ಗೆಲ್ಲಬಹುದು, ಆಟಗಾರನಾಗುವುದಿಲ್ಲ. ಚೆಂಡನ್ನು ಹಿಡಿಯುವ ಕೈ, ತಿರುಗುವ ಪಾದ, ಮೆತ್ತಗೆ ಎಸೆಯುವ ಮಣಿಕಟ್ಟು, ಇವುಗಳನ್ನು ಒಂದೊಂದಾಗಿ ಕಲಿಸಬೇಕು. ಸತ್ನಾಮ್‌ನ ಎಸೆತದಲ್ಲಿ ಅಷ್ಟು ದೊಡ್ಡ ದೇಹಕ್ಕೆ ಅಪರೂಪವಾದ ಮೃದುತ್ವ ಇದೆ ಎಂದು ಮುಂದೆ ಅಮೆರಿಕದ ತರಬೇತುದಾರರು ಮೆಚ್ಚಿದರು. ಅದರ ಮೊದಲ ಪಾಠ ಆದದ್ದು ಲೂಧಿಯಾನದಲ್ಲಿ. ಶಿಷ್ಯನ ಹೆಸರು ಬ್ರೂಕ್ಲಿನ್‌ನಲ್ಲಿ ಕೇಳಿಬಂದಾಗ ಅದನ್ನು ನೋಡಲು ಸುಬ್ರಮಣಿಯನ್ ಇರಲಿಲ್ಲ. 2013ರಲ್ಲೇ ತೀರಿಕೊಂಡಿದ್ದರು.

2010: ಎಂಟು ಮಕ್ಕಳು ಹತ್ತಿದ ವಿಮಾನ

ಹೊರಗಿನ ಜಗತ್ತು ಈ ಹುಡುಗನತ್ತ ತಿರುಗಿದ್ದಕ್ಕೆ ಒಂದು ವ್ಯಾಪಾರದ ಹಿನ್ನೆಲೆಯೂ ಇದೆ. 2002ರಲ್ಲಿ ಚೀನಾದ ಯಾವೊ ಮಿಂಗ್‌ನನ್ನು ಹ್ಯೂಸ್ಟನ್ ರಾಕೆಟ್ಸ್ ತಂಡ ಡ್ರಾಫ್ಟ್‌ನ ಮೊದಲ ಸರದಿಯಲ್ಲೇ ಆರಿಸಿಕೊಂಡಿತು. 7 ಅಡಿ 6 ಅಂಗುಲದ ಯಾವೊ ಆಡುತ್ತಿದ್ದಂತೆ ಕೋಟ್ಯಂತರ ಚೀನೀಯರು ಎನ್‌ಬಿಎ ನೋಡತೊಡಗಿದರು. ಚೀನಾ ಆ ಲೀಗ್‌ಗೆ ದೊಡ್ಡ ಮಾರುಕಟ್ಟೆಯಾಯಿತು. ಮುಂದಿನದು ಭಾರತವೇ ಎಂಬ ಲೆಕ್ಕ ಹಾಕಲು ಯಾರಿಗೂ ಕಷ್ಟವಿರಲಿಲ್ಲ. 2010ರಲ್ಲಿ ಅಮೆರಿಕದ ಕ್ರೀಡಾ ನಿರ್ವಹಣೆಯ ಸಂಸ್ಥೆ ಐಎಂಜಿ ಮತ್ತು ರಿಲಯನ್ಸ್ ಸೇರಿ ಹುಟ್ಟುಹಾಕಿದ ಕಂಪನಿ ಭಾರತೀಯ ಬಾಸ್ಕೆಟ್‌ಬಾಲ್ ಫೆಡರೇಷನ್ ಜೊತೆ ದೀರ್ಘ ಕಾಲದ ಒಪ್ಪಂದ ಮಾಡಿಕೊಂಡಿತು. ಮರುವರ್ಷ ಎನ್‌ಬಿಎ ಮುಂಬೈನಲ್ಲಿ ಕಚೇರಿ ತೆರೆಯಿತು.

ಅದೇ 2010ರಲ್ಲಿ ಐಎಂಜಿ ರಿಲಯನ್ಸ್ ವಿದ್ಯಾರ್ಥಿವೇತನಕ್ಕೆ ದೇಶದ ಎಂಟು ಮಕ್ಕಳು ಆಯ್ಕೆಯಾದರು. ನಾಲ್ವರು ಹುಡುಗರು, ನಾಲ್ವರು ಹುಡುಗಿಯರು. ಅವರಲ್ಲಿ ಸತ್ನಾಮ್ ಒಬ್ಬ, ವಯಸ್ಸು 14. ಹೋಗಬೇಕಾದದ್ದು ಫ್ಲಾರಿಡಾ ರಾಜ್ಯದ ಬ್ರಾಡೆಂಟನ್‌ನಲ್ಲಿರುವ ಐಎಂಜಿ ಅಕಾಡೆಮಿಗೆ. 1978ರಲ್ಲಿ ನಿಕ್ ಬೊಲೆಟ್ಟಿಯೇರಿ ಶುರುಮಾಡಿದ ಟೆನಿಸ್ ಶಾಲೆಯೇ ಬೆಳೆದು ಹಲವು ಆಟಗಳ ದೊಡ್ಡ ವಸತಿಶಾಲೆಯಾದ ಜಾಗ ಅದು. ಆಂಡ್ರೆ ಅಗಾಸಿ ಬಾಲ್ಯದಲ್ಲಿ ತರಬೇತಿ ಪಡೆದದ್ದು ಅಲ್ಲೇ.

ಪಂಜಾಬಿ ಬಿಟ್ಟು ಬೇರೆ ಭಾಷೆ ಸಲೀಸಾಗಿ ಬಾರದ ಹುಡುಗನಿಗೆ ಅಲ್ಲಿ ಎರಡೆರಡು ಶಾಲೆ. ಒಂದು ಆಟದ್ದು, ಇನ್ನೊಂದು ಇಂಗ್ಲಿಷಿನದ್ದು. ತರಬೇತುದಾರ ಕೂಗಿ ಹೇಳುವ ಸೂಚನೆ ಅರ್ಥವಾಗಬೇಕು, ತರಗತಿಯಲ್ಲಿ ಕೊಟ್ಟ ಪಾಠವೂ ಅರ್ಥವಾಗಬೇಕು. ಆಟದಲ್ಲಿ ದೇಹ ನೋಡಿ ಕಲಿಯಬಹುದು. ಪಾಠದಲ್ಲಿ ಆ ದಾರಿ ಇಲ್ಲ. ಕನ್ನಡ ಮಾಧ್ಯಮದಲ್ಲಿ ಹತ್ತನೇ ತರಗತಿ ಮುಗಿಸಿ ನೇರವಾಗಿ ಇಂಗ್ಲಿಷ್ ಮಾಧ್ಯಮದ ಪಿಯು ವಿಜ್ಞಾನ ತರಗತಿಯಲ್ಲಿ ಕೂತವರಿಗೆ ಈ ಸಂಕಟದ ಒಂದು ಪಾಲು ಗೊತ್ತು. ಸತ್ನಾಮ್‌ಗೆ ಅದು ಬೇರೆ ದೇಶದಲ್ಲಿ, ಮನೆಯಿಂದ ಸಾವಿರಾರು ಮೈಲಿ ದೂರದಲ್ಲಿ ಆಗುತ್ತಿತ್ತು.

ಆಟ ಮಾತ್ರ ಮುಂದೆ ಸಾಗಿತು. 2011ರಲ್ಲಿ ಚೀನಾದ ವುಹಾನ್‌ನಲ್ಲಿ ನಡೆದ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಭಾರತದ ಹಿರಿಯರ ತಂಡದ ಅಂಗಿ ತೊಟ್ಟಾಗ ಅವನಿಗಿನ್ನೂ 16 ತುಂಬಿರಲಿಲ್ಲ. ಆ ತಂಡದ ಸ್ಥಿತಿ ಹೇಗಿತ್ತೆಂದರೆ, ಭಾರತದ ಪುರುಷರ ಬಾಸ್ಕೆಟ್‌ಬಾಲ್ ತಂಡ ಒಲಿಂಪಿಕ್ಸ್‌ನಲ್ಲಿ ಆಡಿದ್ದು ಒಂದೇ ಸಲ, 1980ರ ಮಾಸ್ಕೋದಲ್ಲಿ. ಅದೂ ಅನೇಕ ದೇಶಗಳು ಬಹಿಷ್ಕಾರ ಹಾಕಿದ್ದರಿಂದ ತೆರವಾದ ಜಾಗ. ಅಂಥ ದೇಶದಿಂದ ಬಂದ ಒಬ್ಬ ಹುಡುಗನ ಮೇಲೆ ದೊಡ್ಡವರ ನಿರೀಕ್ಷೆಯೆಲ್ಲ ಬಿದ್ದಿತ್ತು.

ಮುಚ್ಚಿದ ಬಾಗಿಲು ಮತ್ತು ತೆರೆದ ಕಿಟಕಿ

ಅಮೆರಿಕದಲ್ಲಿ ಬಾಸ್ಕೆಟ್‌ಬಾಲ್ ಆಟಗಾರನ ಸಹಜ ದಾರಿ ಎಂದರೆ ಶಾಲೆ, ಆಮೇಲೆ ಕಾಲೇಜು, ಆಮೇಲೆ ಎನ್‌ಬಿಎ. ಕಾಲೇಜು ತಂಡದಲ್ಲಿ ಆಡಲು ಓದಿನಲ್ಲೂ ಇಂತಿಷ್ಟು ಅಂಕ ಬೇಕು. ಸತ್ನಾಮ್‌ಗೆ ಅದು ದಕ್ಕಲಿಲ್ಲ. ಐದು ವರ್ಷ ಕಷ್ಟಪಟ್ಟರೂ ಇಂಗ್ಲಿಷ್ ಪಾಠಗಳ ಅಂಕ ದೊಡ್ಡ ಕಾಲೇಜು ತಂಡಗಳ ಅರ್ಹತೆಗೆ ಸಾಲಲಿಲ್ಲ.

ಇದು ಈ ಕಥೆಯ ಮುಖ್ಯ ತಿರುವು, ಆದರೆ ಅತಿ ಕಡಿಮೆ ಚರ್ಚೆಯಾದದ್ದು. 2015ರ ಬೇಸಿಗೆಯಲ್ಲಿ ಅವನು ಡ್ರಾಫ್ಟ್‌ಗೆ ಹೆಸರು ಕೊಟ್ಟದ್ದು ತಯಾರಿ ಮುಗಿದಿತ್ತು ಎಂಬ ಕಾರಣಕ್ಕಲ್ಲ. ಬೇರೆ ದಾರಿ ಮುಚ್ಚಿತ್ತು ಎಂಬ ಕಾರಣಕ್ಕೆ. ಎತ್ತರದ ಆಟಗಾರರು ನಿಧಾನವಾಗಿ ಪಕ್ವವಾಗುತ್ತಾರೆ. ನಾಲ್ಕು ವರ್ಷದ ಕಾಲೇಜು ಆಟ ಅವನಿಗೆ ಉಳಿದವರಿಗಿಂತ ಹೆಚ್ಚು ಬೇಕಿತ್ತು. ಅದು ಸಿಗದೆ ಹೋದದ್ದು ಭಾಷೆಯ ಕಾರಣಕ್ಕೆ.

ಕೆವಿನ್ ಗಾರ್ನೆಟ್, ಕೋಬಿ ಬ್ರಯಂಟ್, ಲೆಬ್ರಾನ್ ಜೇಮ್ಸ್ ಶಾಲೆಯಿಂದ ನೇರವಾಗಿ ಎನ್‌ಬಿಎಗೆ ಬಂದವರು. 2005ರ ನಂತರ ನಿಯಮ ಬಿಗಿಯಾಯಿತು, ಆ ಹಾದಿ ನಿಂತಿತು. ಹಾಗಾಗಿ ಕಾಲೇಜಿನಲ್ಲಾಗಲಿ, ಯಾವುದೇ ವೃತ್ತಿಪರ ಲೀಗ್‌ನಲ್ಲಾಗಲಿ ಒಂದೂ ಪಂದ್ಯ ಆಡದೆ ಡ್ರಾಫ್ಟ್ ಆದವರಲ್ಲಿ ಸತ್ನಾಮ್ ಹತ್ತು ವರ್ಷಗಳಲ್ಲೇ ಮೊದಲಿಗ. ಅವತ್ತು ಇದನ್ನು ದಾಖಲೆ ಎಂದು ಬರೆದರು. ಇನ್ನೊಂದು ಕಡೆಯಿಂದ ನೋಡಿದರೆ ಅದು ಕೊರತೆಯ ಪಟ್ಟಿ.

ಒಂದು ಸ್ಪಷ್ಟನೆ ಇಲ್ಲಿ ಬೇಕು. ಎನ್‌ಬಿಎಯಲ್ಲಿ ಆಡಿದ ಮೊದಲ ಭಾರತೀಯ ಮೂಲದ ಆಟಗಾರ ಸತ್ನಾಮ್ ಅಲ್ಲ. ಅದು ಕೆನಡಾದಲ್ಲಿ ಹುಟ್ಟಿ ಬೆಳೆದ, 7 ಅಡಿ 5 ಅಂಗುಲ ಎತ್ತರದ ಸಿಮ್ ಭುಲ್ಲರ್. 2015ರ ಏಪ್ರಿಲ್‌ನಲ್ಲಿ ಅವರು ಸ್ಯಾಕ್ರಮೆಂಟೊ ಕಿಂಗ್ಸ್ ಪರ ಅಂಗಳಕ್ಕಿಳಿದರು. ಆ ತಂಡದ ಮಾಲೀಕರ ಗುಂಪಿನ ಮುಖ್ಯಸ್ಥ ಮುಂಬೈನಲ್ಲಿ ಹುಟ್ಟಿದ ವಿವೇಕ್ ರಣದಿವೆ. ಸತ್ನಾಮ್‌ನ ಹೆಗ್ಗಳಿಕೆ ಬೇರೆ. ಭಾರತದ ಮಣ್ಣಿನಲ್ಲಿ ಹುಟ್ಟಿ, ಇಲ್ಲಿನ ಅಂಗಳದಲ್ಲಿ ಚೆಂಡು ಹಿಡಿದು ಡ್ರಾಫ್ಟ್ ಪಟ್ಟಿ ತಲುಪಿದ ಮೊದಲಿಗ.

ಆಟವೇ ಬದಲಾದ ಹೊತ್ತು

ಸತ್ನಾಮ್‌ನ ಹೆಸರು ಕೂಗುವುದಕ್ಕೆ ಒಂಬತ್ತು ದಿನ ಮೊದಲು, ಜೂನ್ 16ರಂದು, ಗೋಲ್ಡನ್ ಸ್ಟೇಟ್ ವಾರಿಯರ್ಸ್ ತಂಡ ಎನ್‌ಬಿಎ ಪ್ರಶಸ್ತಿ ಗೆದ್ದಿತ್ತು. ಸ್ಟೀಫನ್ ಕರಿ ದೂರದಿಂದ ಎಸೆಯುವ ಮೂರು ಅಂಕಗಳ ಎಸೆತವೇ ಅದರ ಬಲ. ಫೈನಲ್ ಸರಣಿಯ ನಾಲ್ಕನೇ ಪಂದ್ಯದಿಂದ ತರಬೇತುದಾರ ಸ್ಟೀವ್ ಕೆರ್ ತಮ್ಮ ಏಳು ಅಡಿಯ ಸೆಂಟರ್ ಆಂಡ್ರ್ಯೂ ಬೋಗಟ್‌ನನ್ನು ಆರಂಭದ ಐವರಿಂದ ಕೈಬಿಟ್ಟು, ಅವನಿಗಿಂತ ಗಿಡ್ಡನಾದ, ಚುರುಕಾದ ಆಂಡ್ರೆ ಇಗುಡಾಲನನ್ನು ಇಳಿಸಿದರು. ಸರಣಿ ಅಲ್ಲಿಂದ ತಿರುಗಿತು.

ಬಾಸ್ಕೆಟ್‌ಬಾಲ್ ಇತಿಹಾಸದಲ್ಲಿ ಬಹುಕಾಲ ಬಳೆಯ ಹತ್ತಿರ ನಿಲ್ಲುವ ದೈತ್ಯನೇ ರಾಜ. ಆ ಬೇಸಿಗೆಯ ಹೊತ್ತಿಗೆ ಆ ನಂಬಿಕೆ ಅಲುಗಾಡಿತ್ತು. ಎತ್ತರದವನಾದರೂ ಓಡಬೇಕು, ಪಕ್ಕಕ್ಕೆ ಜಾರಿ ಗಿಡ್ಡ ಆಟಗಾರನನ್ನು ತಡೆಯಬೇಕು, ದೂರದಿಂದಲೂ ಎಸೆಯಬೇಕು. 2015ರ ಡ್ರಾಫ್ಟ್‌ನಲ್ಲೇ ಇದರ ಪುರಾವೆ ಇದೆ. ದೂರದಿಂದ ಎಸೆಯಬಲ್ಲ ಏಳಡಿಯವರಾದ ಕಾರ್ಲ್ ಆಂಟನಿ ಟೌನ್ಸ್, ಕ್ರಿಸ್ಟಾಪ್ಸ್ ಪೋರ್ಜಿಂಗಿಸ್ ಎತ್ತರಕ್ಕೇರಿದರು. ಅದೇ ಡ್ರಾಫ್ಟ್‌ನ ಮೂರನೇ ಆಯ್ಕೆಯಾದ, ಹಳೆಯ ಶೈಲಿಯಲ್ಲಿ ಬಳೆಯ ಬಳಿ ಆಡುವ ಜಾಲಿಲ್ ಒಕಾಫೋರ್ ಮೊದಲ ವರ್ಷ ಮಿಂಚಿದರೂ ಬೇಗ ಬದಿಗೆ ಸರಿದರು. ಮೂರನೇ ಸ್ಥಾನದವನ ಗತಿಯೇ ಹೀಗಾದರೆ 52ನೇ ಸ್ಥಾನದವನ ದಾರಿ ಎಷ್ಟು ಕಿರಿದಾಗಿತ್ತು ಎಂದು ಊಹಿಸಬಹುದು. ಹತ್ತು ವರ್ಷ ಒಂದು ಆಟಕ್ಕೆಂದು ತಯಾರಾದ ಹುಡುಗ ಬಾಗಿಲಿಗೆ ಬಂದಾಗ ಒಳಗೆ ಬೇರೆಯೇ ಆಟ ನಡೆಯುತ್ತಿತ್ತು.

ಸತ್ನಾಮ್ ಲಾಸ್ ವೇಗಸ್‌ನ ಬೇಸಿಗೆ ಲೀಗ್‌ನಲ್ಲಿ ಡಲ್ಲಾಸ್ ಪರ ಆಡಿದರು. ಆಮೇಲೆ ಎರಡು ವರ್ಷ ಎನ್‌ಬಿಎ ಕೆಳಗಿನ ಹಂತವಾದ ಡಿ ಲೀಗ್‌ನ ಟೆಕ್ಸಾಸ್ ಲೆಜೆಂಡ್ಸ್ ತಂಡದಲ್ಲಿದ್ದರು. ಅಲ್ಲಿ ಅಂಗಳಕ್ಕಿಳಿದದ್ದು ಕಡಿಮೆ, ಬೆಂಚಿನ ಮೇಲೆ ಕೂತದ್ದು ಹೆಚ್ಚು. ಎನ್‌ಬಿಎಯ ಒಂದು ಪಂದ್ಯವೂ ಸಿಗಲಿಲ್ಲ. 2016ರಲ್ಲಿ ಅವರ ಬದುಕಿನ ಕುರಿತು 'ಒನ್ ಇನ್ ಎ ಬಿಲಿಯನ್' ಎಂಬ ಸಾಕ್ಷ್ಯಚಿತ್ರ ಬಂತು. ಅದು ಮುಟ್ಟುವುದು ಡ್ರಾಫ್ಟ್‌ನ ಗೆಲುವಿನವರೆಗೆ. ಅಲ್ಲಿಂದಾಚೆಯದನ್ನು ತೋರಿಸಲು ಕ್ಯಾಮೆರಾಗಳು ಉಳಿಯಲಿಲ್ಲ.

ಬೆಂಗಳೂರಿನ ಶಿಬಿರ

2017ರಲ್ಲಿ ಸತ್ನಾಮ್ ಭಾರತಕ್ಕೆ ಮರಳಿ ರಾಷ್ಟ್ರೀಯ ತಂಡ ಸೇರಿದರು. 2018ರಲ್ಲಿ ಕೆನಡಾದ ರಾಷ್ಟ್ರೀಯ ಲೀಗ್‌ನ ಸೇಂಟ್ ಜಾನ್ಸ್ ಎಡ್ಜ್ ತಂಡಕ್ಕೆ ಆಯ್ಕೆಯಾದರು. ನಂತರದ ಘಟನೆ ನಡೆದದ್ದು ನಮ್ಮಲ್ಲೇ. 2019ರ ನವೆಂಬರ್‌ನಲ್ಲಿ ಕಠ್ಮಂಡುವಿನ ದಕ್ಷಿಣ ಏಷ್ಯನ್ ಕ್ರೀಡಾಕೂಟಕ್ಕೆ ಬೆಂಗಳೂರಿನಲ್ಲಿ ತಯಾರಿ ಶಿಬಿರ ನಡೆದಾಗ ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆ ಮಾಡಿದ ಪರೀಕ್ಷೆಯಲ್ಲಿ ಅವರ ಮಾದರಿಯಲ್ಲಿ ಹೈಜೆನಮೈನ್ ಎಂಬ ನಿಷೇಧಿತ ವಸ್ತು ಸಿಕ್ಕಿತು. 2020ರ ಕೊನೆಗೆ ಎರಡು ವರ್ಷದ ನಿಷೇಧ ಅಧಿಕೃತವಾಯಿತು. 25ರ ಹರೆಯದಲ್ಲಿ ಬಾಸ್ಕೆಟ್‌ಬಾಲ್ ಬದುಕು ಹೆಚ್ಚುಕಡಿಮೆ ನಿಂತಿತು. 2021ರಲ್ಲಿ ಅವರು ಅಮೆರಿಕದ ಎಇಡಬ್ಲ್ಯೂ ಎಂಬ ವೃತ್ತಿಪರ ಕುಸ್ತಿ ಪ್ರದರ್ಶನದ ಕಂಪನಿ ಸೇರಿ, ಮರುವರ್ಷ ರಿಂಗಿಗೆ ಇಳಿದರು.

ಉಳಿದದ್ದು ಏನು

ಹಾಗಾದರೆ ಇದು ಸೋಲಿನ ಕಥೆಯೇ? ಒಬ್ಬ ವ್ಯಕ್ತಿಯ ಅಂಕಿಅಂಶ ಮಾತ್ರ ನೋಡಿದರೆ ಹಾಗನ್ನಿಸಬಹುದು. ಆದರೆ 2015ರ ನಂತರದ ಪಟ್ಟಿ ಹೀಗಿದೆ. 2016ರಲ್ಲಿ ಪಾಲ್‌ಪ್ರೀತ್ ಸಿಂಗ್ ಬ್ರಾರ್ ಡಿ ಲೀಗ್ ಡ್ರಾಫ್ಟ್‌ನಲ್ಲಿ ಆಯ್ಕೆಯಾದರು. ಮರುವರ್ಷ ಅಮ್ಜ್ಯೋತ್ ಸಿಂಗ್ ಒಕ್ಲಹಾಮ ಸಿಟಿ ಬ್ಲೂ ತಂಡ ಸೇರಿದರು. 2017ರಲ್ಲಿ ಎನ್‌ಬಿಎ ದೆಹಲಿಯ ಹತ್ತಿರ ಅಕಾಡೆಮಿ ತೆರೆಯಿತು. ಅಲ್ಲಿಂದ ಹೊರಟ, ಅದಕ್ಕೂ ಮೊದಲು ಲೂಧಿಯಾನದಲ್ಲೇ ಕಲಿತ ಗುರುದಾಸ್‌ಪುರ ಜಿಲ್ಲೆಯ ಪ್ರಿನ್ಸ್‌ಪಾಲ್ ಸಿಂಗ್ 2021ರಲ್ಲಿ ಬೇಸಿಗೆ ಲೀಗ್ ಗೆದ್ದ ಸ್ಯಾಕ್ರಮೆಂಟೊ ತಂಡದಲ್ಲಿದ್ದರು. ಎಲ್ಲರೂ ಪಂಜಾಬಿನವರು. ಎಲ್ಲರ ಹಿಂದೆಯೂ ಬಲ್ಲೋ ಕೆಯ ಹುಡುಗ ತುಳಿದ ಹಾದಿಯ ಗುರುತಿದೆ.

ಹಾದಿಯಲ್ಲಿ ಎಲ್ಲಿ ಗುಂಡಿ ಬಿದ್ದಿತ್ತು ಎಂಬುದೂ ಇದರಿಂದ ಗೊತ್ತಾಗುತ್ತದೆ. ಯಾವೊ ಮಿಂಗ್‌ನ ತಂದೆ ತಾಯಿ ಇಬ್ಬರೂ ಬಾಸ್ಕೆಟ್‌ಬಾಲ್ ಆಟಗಾರರು. ಎನ್‌ಬಿಎಗೆ ಹೋಗುವ ಮೊದಲು ಅವನು ಶಾಂಘೈ ಷಾರ್ಕ್ಸ್ ತಂಡದಲ್ಲಿ ತನ್ನದೇ ದೇಶದ ವೃತ್ತಿಪರ ಲೀಗ್ ಆಡಿ ಪಳಗಿದ್ದ. ಸತ್ನಾಮ್ ಬೆಳೆಯುವಾಗ ಭಾರತದಲ್ಲಿ ಅಂಥ ಲೀಗ್ ಇರಲಿಲ್ಲ. 14ನೇ ವಯಸ್ಸಿಗೆ ಹೊರಗೆ ಹೋಗುವುದೊಂದೇ ದಾರಿ, ಹೋದಮೇಲೆ ಹಿಂದೆ ಬಂದು ಆಡಲು ಜಾಗವಿಲ್ಲ. ಒಬ್ಬ ಹುಡುಗನ ಎತ್ತರದ ಮೇಲೆ ಇಡೀ ದೇಶದ ಮಾರುಕಟ್ಟೆಯ ಕನಸು ಕಟ್ಟಿದವರು ಅವನ ಕೆಳಗೆ ಮೆಟ್ಟಿಲು ಕಟ್ಟಿರಲಿಲ್ಲ.

ಮೆಟ್ಟಿಲು ಎಂದರೆ ದೊಡ್ಡ ಮಾತೇನಲ್ಲ. ತಾಲ್ಲೂಕಿಗೊಂದು ಗಟ್ಟಿ ನೆಲದ ಅಂಗಳ. ಅದರ ಪಕ್ಕ ಹಳ್ಳಿ ಮಕ್ಕಳು ಉಳಿಯಲು ಹಾಸ್ಟೆಲ್. ಆಟದ ಜೊತೆಗೆ ಅವರ ಭಾಷೆಯಿಂದಲೇ ಶುರುವಾಗಿ ನಿಧಾನಕ್ಕೆ ಇಂಗ್ಲಿಷ್ ಕಲಿಸುವ ಮೇಷ್ಟ್ರು. ಬಾಟಲಿಯ ಪುಡಿಯಲ್ಲಿ ಏನಿದೆ ಎಂದು ತಿಳಿಸಿ ಹೇಳುವ ವೈದ್ಯರು. ಆಡಿ ಸಂಪಾದಿಸಲು ದೇಶದೊಳಗೇ ಒಂದು ಲೀಗ್. ಲೂಧಿಯಾನದ ಅಕಾಡೆಮಿ ಇದರಲ್ಲಿ ಒಂದೆರಡನ್ನು ಮಾತ್ರ ಕೊಟ್ಟು ಇಷ್ಟು ಆಟಗಾರರನ್ನು ಬೆಳೆಸಿತು.

ಬಲಬೀರ್ ಸಿಂಗ್ ತಮ್ಮ ತಂದೆ ಮಾಡಿದ್ದಕ್ಕಿಂತ ಬೇರೆ ತೀರ್ಮಾನ ಮಾಡಿದ್ದರಿಂದ ಈ ಚರಿತ್ರೆ ಶುರುವಾಯಿತು. ಆದರೆ ಪ್ರತಿ ಹಳ್ಳಿಯಲ್ಲೂ ಒಬ್ಬ ಅಪ್ಪ ಅಷ್ಟು ಧೈರ್ಯ ಮಾಡಲಿ ಎಂದು ಕಾಯುತ್ತ ಕೂರುವುದು ಕ್ರೀಡಾನೀತಿ ಆಗಲಾರದು. ಮಗನನ್ನು ಆಟಕ್ಕೆ ಕಳಿಸಲು ಧೈರ್ಯವೇ ಬೇಕಾಗದಂಥ ದಿನ ಬಂದರೆ, 52ನೇ ಹೆಸರಿಗೆ ಆಗ ನಿಜವಾದ ಗೌರವ ಸಂದಂತೆ.